ಶುಕ್ರವಾರ ಹಚ್ಚಿದ ಬೆಂಕಿ

ಕೊರೊನಾ ಬಂದುಹೋದ ಮರುವರ್ಷದ ಬೇಸಿಗೆ. ಆಗ ನಾನು ಚಿಕ್ಕೋಡಿ ತಾಲ್ಲೂಕಿನ ಒಂದು ಗುಡ್ಡದ ಬೀಟಿನಲ್ಲಿ ಗಸ್ತು ಅರಣ್ಯ ಪಾಲಕನಾಗಿದ್ದೆ. ಕಾಗದದ ಮೇಲೆ ಹೆಸರು ದೊಡ್ಡದು, ಊರವರ ಬಾಯಲ್ಲಿ ‘ಗಾರ್ಡ್ ಸಾಹೇಬ್ರ’ ಅಷ್ಟೇ. ಬೀಟು ಎಂದರೆ ಒಬ್ಬ ಗಾರ್ಡ್ ಒಬ್ಬನೇ ಕಾಯಬೇಕಾದ ಕಾಡಿನ ತುಂಡು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಗುಡ್ಡದ ಬುಡದಲ್ಲಿ ಇಲಾಖೆ ಕೊಟ್ಟ ಎರಡು ಕೋಣೆಯ ಮನೆ. ಅಲ್ಲಿ ನಾನು ಮತ್ತು ನನ್ನ ಹೆಂಡತಿ ಕಸ್ತೂರಿ ಇದ್ದೆವು.

ಕಸ್ತೂರಿ ಕಳೆದ ಶ್ರಾವಣದಲ್ಲಿ ತೀರಿಕೊಂಡಳು. ಅವಳು ಹೋದ ಮೇಲೆ ಬೆಳಗಿನ ಹೊತ್ತು ನನಗೆ ಕೆಲಸವಿಲ್ಲ. ಹಿತ್ತಲಿನ ಒಲೆಯ ಮುಂದೆ ಕೂಡುತ್ತೇನೆ. ಕೂತಾಗ ಆ ಬೇಸಿಗೆಯ ನಾಲ್ಕು ದಿನ ಕಣ್ಣ ಮುಂದೆ ಬರುತ್ತವೆ, ಹೊಗೆಯ ಆಚೆ ನಿಂತವರ ಮುಖ ಒಮ್ಮೆ ಕಂಡು ಒಮ್ಮೆ ಮಾಯವಾಗುವ ಹಾಗೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಮೂವತ್ತು ವರ್ಷ ಬರೆದದ್ದೆಲ್ಲ ಬೀಟ್ ಡೈರಿ. ಇದನ್ನೂ ಡೈರಿಯಂತೆಯೇ, ದಿನದ ಹಿಂದೆ ದಿನ ಇಟ್ಟು ಬರೆಯುತ್ತಿದ್ದೇನೆ.

ಕಾಡು ಎಂದ ಕೂಡಲೇ ಹಸಿರು ನೆನೆಯಬೇಡಿ. ನಮ್ಮದು ಬೋಳು ಗುಡ್ಡ. ಕೆಂಪು ಗರಸು ಮಣ್ಣು, ಕರಿ ಬಂಡೆ, ಸೊಂಟದೆತ್ತರ ಬೆಳೆದು ಮಾಘ ಮುಗಿಯುವ ಹೊತ್ತಿಗೆ ಬಂಗಾರದ ಬಣ್ಣಕ್ಕೆ ತಿರುಗುವ ಹುಲ್ಲು. ಅಲ್ಲೊಂದು ಇಲ್ಲೊಂದು ಜಾಲಿ. ಪಡುವಣ ಇಳಿಜಾರಿನಲ್ಲಿ ಮಾತ್ರ ನಾವೇ ಗುಂಡಿ ತೋಡಿ, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಬೇವು ಮತ್ತು ಹೊಂಗೆಯ ಪ್ಲಾಂಟೇಶನ್, ಮೂವತ್ತು ಎಕರೆ. ಆಗ ಅವಕ್ಕೆ ಎಂಟು ವರ್ಷ. ಸಂಜೆ ಗಾಳಿ ಬಂದರೆ ಆ ಇಳಿಜಾರೆಲ್ಲ ಒಟ್ಟಿಗೆ ಉಸಿರು ಬಿಟ್ಟಂತಾಗುತ್ತಿತ್ತು. ನವಿಲುಗಳು ಅಲ್ಲಿಗೇ ಬರುತ್ತಿದ್ದವು.

ನಾನು ನೌಕರಿಗೆ ಸೇರಿದಾಗ ಗುಡ್ಡದ ಬೆಂಕಿ ಗುಡ್ಡದಲ್ಲೇ ಸಾಯುತ್ತಿತ್ತು. ಬುಡದಲ್ಲಿ ಜೋಳದ ಹೊಲ. ಜೋಳ ಕಿತ್ತ ಮೇಲೆ ಬರೀ ಕರಿ ಮಣ್ಣು, ಬೆಂಕಿಗೆ ತಿನ್ನಲು ಏನೂ ಇರುತ್ತಿರಲಿಲ್ಲ. ಮೇಲಿನ ಹುಲ್ಲನ್ನೂ ಊರವರು ದನಕ್ಕೆ, ಚಪ್ಪರಕ್ಕೆ ಎಂದು ಕೊಯ್ದು ಒಯ್ಯುತ್ತಿದ್ದರು. ಆಮೇಲೆ ಪೈಪಿನಲ್ಲಿ ನದಿಯ ನೀರು ಬಂತು. ಕಬ್ಬು ಗುಡ್ಡದ ಪಾದದವರೆಗೆ ಏರಿತು. ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆಗೆ ನಮ್ಮಲ್ಲಿ ರವದಿ ಎನ್ನುತ್ತಾರೆ. ಅದು ಹೊಲದ ತುಂಬ ಮೊಣಕಾಲುದ್ದ ಬೀಳುತ್ತದೆ, ಒಂದು ಕಿಡಿ ಸಾಕು. ಮೇಲಿನ ಹುಲ್ಲು ಕೊಯ್ಯುವವರೂ ಇಲ್ಲವಾದರು. ಮನೆಗೆ ತಗಡು ಬಂತು, ದನ ಕಡಿಮೆಯಾದವು, ಇದ್ದ ದನಕ್ಕೆ ಕಬ್ಬಿನ ತುದಿ ಸಾಕಾಯಿತು. ಹೀಗೆ ಮೇಲೊಂದು ಒಣ ಹಾಸಿಗೆ, ಕೆಳಗೊಂದು ಒಣ ಹಾಸಿಗೆ. ಬೆಂಕಿ ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಹೋಗಿ ಬರಲು ಕಲಿತುಕೊಂಡಿತು. ಮೊದಲು ಯುಗಾದಿಯ ಸುಮಾರಿಗೆ ಬರುತ್ತಿದ್ದ ಹೊಗೆ ಈಗ ಶಿವರಾತ್ರಿಗೇ ಕಾಣಿಸುತ್ತಿತ್ತು. ರಾಯಬಾಗ, ಕಾಗವಾಡ ಕಡೆಯ ನನ್ನ ಜೊತೆಗಾರರು ಫೋನು ಮಾಡಿದರೆ ಆರೋಗ್ಯ ಕೇಳುವ ಮೊದಲು ‘ನಿಮ್ಮ ಕಡೆ ಹತ್ತೇತೇನ?’ ಎಂದು ಕೇಳುತ್ತಿದ್ದರು.

ಇದಕ್ಕೆ ಇಲಾಖೆಯ ಮದ್ದು ಬೆಂಕಿ ರೇಖೆ. ಪ್ಲಾಂಟೇಶನ್ನಿನ ಸುತ್ತ ಐದು ಮೀಟರ್ ಅಗಲದ ಪಟ್ಟಿಯ ಹುಲ್ಲನ್ನು ನಾವೇ ಮೊದಲೇ ಸುಟ್ಟುಬಿಡುವುದು. ಮುಂದೆ ನಿಜವಾದ ಬೆಂಕಿ ಬಂದರೆ ಆ ಕರಿ ಪಟ್ಟಿಯ ತನಕ ಬಂದು, ತಿನ್ನಲು ಏನೂ ಸಿಗದೆ ನಿಲ್ಲಬೇಕು. ಬೆಂಕಿಯನ್ನು ಬೆಂಕಿಯಿಂದಲೇ ಕಾಯುವ ಕೆಲಸ ಅದು.

ಆ ವರ್ಷ ಮಾರ್ಚ್ ತಿಂಗಳ ಒಂದು ಶುಕ್ರವಾರ ರೇಖೆ ಸುಟ್ಟೆವು. ನಾನು, ವಾಚರ್ ಮಾರುತಿ, ನಾಲ್ವರು ಕೂಲಿಯವರು. ಬೆಳಿಗ್ಗೆ ಆರಕ್ಕೆ, ಹುಲ್ಲಿನ ಮೇಲೆ ಇಬ್ಬನಿಯ ತಂಪು ಇರುವಾಗಲೇ ಹಚ್ಚಿದೆವು. ಹಸಿ ಬೇವಿನ ಟೊಂಗೆ ಹಿಡಿದು ಎರಡೂ ಅಂಚಿನಲ್ಲಿ ಬಡಿಯುತ್ತ ನಡೆದೆವು. ಬೆಂಕಿ ಹಗ್ಗ ಕಟ್ಟಿದ ಆಕಳಂತೆ ಮುಂದೆ ಮುಂದೆ ಬಂತು. ಹತ್ತಕ್ಕೆ ಕೆಲಸ ಮುಗಿಯಿತು. ಉರಿಯುತ್ತಿದ್ದ ಎರಡು ಬೊಡ್ಡೆಗಳಿಗೆ ನೀರು ಹೊಯ್ದೆವು. ಸಂಜೆ ನಾಲ್ಕರವರೆಗೆ ಕಾದೆವು. ಎಲ್ಲೂ ಹೊಗೆ ಇರಲಿಲ್ಲ. ಮನೆಗೆ ಬಂದು ಡೈರಿಯಲ್ಲಿ ಬರೆದೆ: ‘ರೇಖೆ ಸುಡಲಾಗಿದೆ. ಬೆಂಕಿ ಪೂರ್ಣ ನಂದಿದೆ.’

ಶನಿವಾರ ನನಗೆ ರೇಂಜ್ ಆಫೀಸಿನಲ್ಲಿ ಸಭೆ ಇತ್ತು. ಮಾರುತಿ ಒಂದು ಸುತ್ತು ಹಾಕಿ ಬಂದು ಫೋನಿನಲ್ಲಿ, “ಎಲ್ಲಾ ತಣ್ಣಗೈತ್ರಿ ಸಾಹೇಬ್ರ, ಹೊಗಿ ಇಲ್ಲ ಏನಿಲ್ಲ” ಎಂದ.

ಭಾನುವಾರ ಮಧ್ಯಾಹ್ನ ಒಂದು ಗಂಟೆ. ನಾನು ಉಂಡು ಅಡ್ಡಾಗಿದ್ದೆ. ಹಿತ್ತಲಲ್ಲಿದ್ದ ಕಸ್ತೂರಿ ಒಳಗೆ ಬಂದು, “ಏನರೀ, ಅಂಗಳದಾಗ ಕರೇ ಹೂ ಬೀಳಾಕತ್ತಾವು” ಎಂದಳು. ಹೊರಗೆ ಹೋದೆ. ಅವಳು ಬೆಳಿಗ್ಗೆ ಹಾಕಿದ ರಂಗೋಲಿಯ ಮೇಲೆ ಸುಟ್ಟ ಹುಲ್ಲಿನ ಎಸಳು ಒಂದೊಂದಾಗಿ ಇಳಿಯುತ್ತಿದ್ದವು. ಎಷ್ಟು ಮೆಲ್ಲಗೆ ಇಳಿಯುತ್ತಿದ್ದವೆಂದರೆ, ಅರೆಗಳಿಗೆ ನಾವಿಬ್ಬರೂ ಸುಮ್ಮನೆ ನೋಡುತ್ತ ನಿಂತುಬಿಟ್ಟೆವು. ಆಮೇಲೆ ತಲೆ ಎತ್ತಿದೆ. ಪಡುವಣ ಇಳಿಜಾರಿನ ಮೇಲೆ ಹೊಗೆ ಗೋಪುರದಂತೆ ನಿಂತಿತ್ತು.

ಓಡಿದೆ. ನಾನು ತಲುಪುವಷ್ಟರಲ್ಲಿ ಬೆಂಕಿ ಪ್ಲಾಂಟೇಶನ್ನಿನೊಳಗಿತ್ತು. ಹಸಿ ಬೇವಿನ ಎಲೆ ಉರಿಯುವ ಸದ್ದು ಬೇರೆ, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಅಲ್ಲಿ ನನಗಿಂತ ಮೊದಲು ಒಬ್ಬರಿದ್ದರು. ಬೀರಪ್ಪಜ್ಜ. ಅರವತ್ತೈದು ದಾಟಿದ ಕುರಿಗಾರ, ಗುಡ್ಡದ ಹಿಂಬದಿಯಲ್ಲಿ ಎಂಬತ್ತು ಕುರಿಯ ಹಟ್ಟಿ ಅವರದು. ಕುಡಿಯುವ ನೀರನ್ನೆಲ್ಲ ಕಂಬಳಿಗೆ ಸುರಿದು, ಆ ಹಸಿ ಕಂಬಳಿಯಿಂದ ಬೆಂಕಿಯ ಅಂಚನ್ನು ಬಡಿಯುತ್ತಿದ್ದರು. ನನ್ನನ್ನು ಕಂಡವರೇ ಗದರಿದರು:

“ಬಾಯಿ ತಕ್ಕೊಂಡ ನಿಂತ್ರ ಬೆಂಕಿ ಅಂಜತೈತೇನ್ರಿ ಸಾಹೇಬ್ರ? ಟೊಂಗಿ ಹಿಡೀರಿ!”

ಕೆಳಗಿನಿಂದ ರೈತರು ಬಂದರು. ಬೆಳೆಗೆ ಔಷಧಿ ಹೊಡೆಯುವ ಟ್ಯಾಂಕಿನಲ್ಲಿ ನೀರು ತುಂಬಿಕೊಂಡು ಎರಡು ಟ್ರ್ಯಾಕ್ಟರ್ ಏರಿ ಬಂದವು. ಚಿಕ್ಕೋಡಿಯಿಂದ ಅಗ್ನಿಶಾಮಕ ವಾಹನ ಮುಕ್ಕಾಲು ಗಂಟೆಯಲ್ಲಿ ಬಂತು. ಆದರೆ ಅದು ಗುಡ್ಡ ಹತ್ತಲಾರದೆ ಕಬ್ಬಿನ ಹೊಲಗಳ ಪಕ್ಕದಲ್ಲೇ ನಿಂತು ಊರ ಕಡೆಗೆ ಬೆಂಕಿ ಹೋಗದಂತೆ ತಡೆಯಿತು. ನಾಲ್ಕೂವರೆಗೆ ಎಲ್ಲ ಆರಿತು. ಹನ್ನೊಂದು ಎಕರೆ ಗಿಡ ಹೋಗಿದ್ದವು. ಬುಡದಲ್ಲಿ ಮಂಗಲ ವೈನಿಯ ಎರಡು ಎಕರೆ ನಿಂತ ಕಬ್ಬು ಎಲೆಯೆಲ್ಲ ಸುಟ್ಟು ಕರಿ ಕೋಲುಗಳಾಗಿ ನಿಂತಿತ್ತು. ಬೀರಪ್ಪಜ್ಜನ ಕೈಯಲ್ಲಿ ಕಂಬಳಿಯ ಒಂದು ಮೂಲೆ ಮಾತ್ರ ಉಳಿದಿತ್ತು.

ವೈನಿ ಎಂದರೆ ಅತ್ತಿಗೆ, ಮಂಗಲ ಅವರನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಅವರ ಗಂಡನಿಗೆ ನಿಪ್ಪಾಣಿಯಲ್ಲಿ ನೌಕರಿ. ಹೊಲ ನೋಡುವುದೆಲ್ಲ ವೈನಿಯೇ. ಅವರು ಬದುವಿನ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಹನ್ನೆರಡಕ್ಕ ಬುತ್ತಿ ಬಿಚ್ಚಿದಾಗ ನಾ ಕಣ್ಣಾರೆ ನೋಡೇನಿ. ಈ ಮುದುಕಪ್ಪ ಬಂಡಿಗಲ್ಲಿನ ಮ್ಯಾಲ ಕುಂತ ಬೀಡಿ ಎಳೀತಿದ್ದ. ನನ್ನ ಕಬ್ಬ ಕಡಿಯೂ ಪಾಳಿ ಬರಾಕ ಇನ್ನ ಹದಿನೈದ ದಿನ ಇತ್ತ. ಅಷ್ಟೂ ತಡೀಲಿಲ್ಲಲಾ ನಿನ್ನ ಬೀಡಿ!”

ಬೀರಪ್ಪಜ್ಜ ಕೆಮ್ಮುತ್ತಲೇ ಉತ್ತರ ಕೊಟ್ಟರು: “ಏ ಮಂಗಲಾ, ನೀ ತೊಟ್ಟಲದಾಗ ಇದ್ದಾಗಿಂದ ನಾ ಈ ಗುಡ್ಡದಾಗ ಬೀಡಿ ಸೇದಾಕತ್ತೇನಿ. ಸೇದಿಲ್ಲಂತ ಸುಳ್ಳ ಯಾಕ ಹೇಳ್ಲಿ? ಕಲ್ಲಿಗೆ ತಿಕ್ಕಿ ಆರಿಸೀನಿ. ಆರಿಸಿದ್ದ ನೀ ನೋಡ್ಲಿಲ್ಲೇನ?”

ಯಾರೂ ನಗಲಿಲ್ಲ. ನಿಜ ಹೇಳಬೇಕೆಂದರೆ, ಅಜ್ಜನ ಬೀಡಿಯೇ ಕಾರಣವಿರಲಿ ಎಂದು ನನ್ನ ಮನಸ್ಸು ಬಯಸುತ್ತಿತ್ತು.

ಸೋಮವಾರ ಬೆಳಿಗ್ಗೆ ನಮ್ಮ ಉಪ ವಲಯ ಅರಣ್ಯಾಧಿಕಾರಿ ಬಂದರು. ಮೂವತ್ತರ ಒಳಗಿನವರು, ತುಮಕೂರು ಕಡೆಯವರು, ಕೆಟ್ಟವರಲ್ಲ. ಮಹಜರು ಮಾಡಬೇಕಿತ್ತು. ಮಹಜರು ಎಂದರೆ ಸ್ಥಳ ನೋಡಿ, ಕಂಡದ್ದನ್ನು ಪಂಚರ ಎದುರು ಬರೆದು ಸಹಿ ಮಾಡಿಸುವುದು. ಬಂಡೆಯ ಮೇಲೆ ಬೀಡಿಯ ತುಂಡು ಸಿಕ್ಕಿತು. ನೋಡಿದವರ ಹೇಳಿಕೆ ಇತ್ತು. ಸಾಹೇಬರು, “ಇನ್ನೇನು ಬೇಕು ಗಾರ್ಡ್? ಎಫ್‌ಓಸಿ ಹಾಕಿಬಿಡೋಣ” ಎಂದರು. ಎಫ್‌ಓಸಿ ಎಂದರೆ ಅರಣ್ಯ ಅಪರಾಧದ ಪ್ರಕರಣ. ಅದು ಬಿದ್ದರೆ ಅಜ್ಜ ಕೋರ್ಟಿನ ತಾರೀಕಿಗೆಲ್ಲ ಚಿಕ್ಕೋಡಿಗೆ ಅಲೆಯಬೇಕು. ಅದಕ್ಕಿಂತ ಹೆಚ್ಚಿನದು, ಮುಂದೆ ಅವರು ಗುಡ್ಡ ಹತ್ತುವಂತಿರಲಿಲ್ಲ. ಸುತ್ತ ಎಲ್ಲ ಕಬ್ಬು. ಎಂಬತ್ತು ಕುರಿಗೆ ಮೇಯಲು ಆ ಗುಡ್ಡವೊಂದೇ ಉಳಿದಿತ್ತು. ಹಿಂಡು ಮಾರಬೇಕಾಗುತ್ತಿತ್ತು. ಅಜ್ಜನ ಮನೆಯವರೆಲ್ಲ ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು. ಕುರಿಗಳನ್ನು ಬಿಟ್ಟರೆ ಅವರಿಗೆ ಮಾತಾಡಲು ಇನ್ಯಾರೂ ಇರಲಿಲ್ಲ.

ಅಜ್ಜ ಅದೇ ಬಂಡೆಯ ಬುಡದಲ್ಲಿ ಕೂತಿದ್ದರು. ಕಂಬಳಿ ಇಲ್ಲದ ಹೆಗಲು ಸಣ್ಣದಾಗಿ ಕಾಣುತ್ತಿತ್ತು. “ಹೆಬ್ಬಟ್ಟ ಎಲ್ಲಿ ಒತ್ತಬೇಕ ಹೇಳ್ರಿ, ಒತ್ತತೇನಿ. ಕುರಿ ನೀರಿಗೆ ಬಿಡೂ ಹೊತ್ತಾತು” ಎಂದರು.

ಮಧ್ಯಾಹ್ನಕ್ಕೆ ಕಸ್ತೂರಿ ಬುತ್ತಿ ತಂದಳು. ರೊಟ್ಟಿ, ಜುಣಕ, ಒಂದು ತಂಬಿಗೆ ನೀರು. ಸಾಹೇಬರು ಕೆಳಗೆ ಜೀಪಿನ ನೆರಳಲ್ಲಿ ಮಹಜರು ಬರೆಯುತ್ತಿದ್ದರು. ನಾನು ಮೇಲೆ ರೇಖೆಯ ತಿರುವಿನಲ್ಲಿ, ದೊಡ್ಡ ಜಾಲಿಯ ಹತ್ತಿರ ಸುಟ್ಟ ಗಿಡ ಎಣಿಸುತ್ತಿದ್ದೆ. ಕಸ್ತೂರಿ ಕರಿ ನೆಲದ ಮೇಲೆ ಸೀರೆ ಎತ್ತಿ ಹಿಡಿದು ಬಂದಳು. ಅವಳ ಹೆಜ್ಜೆಗೊಮ್ಮೆ ಬೂದಿ ಎದ್ದು ಮತ್ತೆ ಕೂಡುತ್ತಿತ್ತು. ನೀರಲ್ಲಿ ನಡೆದು ಬಂದಂತೆ ಕಾಣುತ್ತಿತ್ತು.

ಬಂದವಳು ಬುತ್ತಿ ಇಳಿಸದೆ ನಿಂತು ಮೂಗು ಅರಳಿಸಿದಳು.

“ಏನ?” ಎಂದೆ.

“ಹುಲ್ಲ ಸುಟ್ಟ ವಾಸನಿ ಅಲ್ಲರೀ ಇದು. ನಮ್ಮ ಒಲಿ ವಾಸನಿ.”

ಜಾಲಿಯ ಬುಡ ದನ ನಿಲ್ಲುವ ಜಾಗ. ಊರಲ್ಲಿ ಉಳಿದ ಏಳೆಂಟು ದನ ಬಿಸಿಲೇರಿದಾಗ ಅಲ್ಲಿ ಬಂದು ಮಲಗುತ್ತವೆ. ವರ್ಷಗಳ ಸಗಣಿ ಅಲ್ಲಿ ತುಳಿದು ತುಳಿದು ಗೇಣು ದಪ್ಪದ ಹಾಸಾಗಿ ಒಣಗಿತ್ತು. ಶುಕ್ರವಾರ ನಮ್ಮ ರೇಖೆಯ ಬೆಂಕಿ ಅದರ ಮೇಲೆಯೇ ಹಾದುಹೋಗಿತ್ತು. ಈಗ ನೋಡಿದರೆ ಬರೀ ಬಿಳಿ ಬೂದಿ, ಹಿಟ್ಟಿನಂತೆ ನುಣ್ಣಗೆ. ಕಸ್ತೂರಿ ಅಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಬಲಗೈಯನ್ನು ಮಗುಚಿ, ಬೆರಳುಗಳ ಹಿಂಬದಿಯನ್ನು ಬೂದಿಯ ಮೇಲೆ ಇಟ್ಟಳು, ಮಲಗಿದ ಕೂಸಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಒಂದು ಕಡೆ ಇಟ್ಟು, ತೆಗೆದು, ಇನ್ನೊಂದು ಕಡೆ.

“ಅಂಗೈಲೇ ನೋಡಬಾರದೇನ?” ಎಂದು ಕೇಳಿದೆ. ಯಾಕೆ ಕೇಳಿದೆನೋ.

“ಅಂಗೈಗೆ ರೊಟ್ಟಿ ಬಡದ ಬಡದ ಖಬರ ಇಲ್ಲರೀ. ಬೆಂಕಿ ಕೇಳಬೇಕಂದ್ರ ಕೈ ಹೊಳ್ಳಿಸಿ ಕೇಳಬೇಕ.”

ಮೂರನೆಯ ಕಡೆ ಅವಳ ಕೈ ನಿಂತಿತು. ಪಕ್ಕದ ಕಡ್ಡಿ ತೆಗೆದುಕೊಂಡು ಬೂದಿಯನ್ನು ಸರಿಸಿದಳು. ಕೆಳಗೆ ಸಗಣಿಯ ಹೆಂಟೆ. ಮುರಿದಳು. ಒಳಗೆ ದಾಳಿಂಬೆ ಬಿಚ್ಚಿದಷ್ಟು ಕೆಂಪು.

ನಮ್ಮ ಮನೆಯಲ್ಲಿ ಗ್ಯಾಸ್ ಇತ್ತು. ಆದರೂ ಸ್ನಾನದ ನೀರಿಗೆ ಹಿತ್ತಲಿನ ಒಲೆಯನ್ನು ಕಸ್ತೂರಿ ಬಿಟ್ಟಿರಲಿಲ್ಲ. ಕೆಲಸ ಮುಗಿದ ಮೇಲೆ ಒಂದು ಕುಳ್ಳನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದಳು. ಕುಳ್ಳು ಎಂದರೆ ತಟ್ಟಿ ಒಣಗಿಸಿದ ಸಗಣಿ. ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಕೆಂಡ ಕಣ್ಣು ಬಿಡುತ್ತಿತ್ತು. ಮೂವತ್ತು ವರ್ಷ ಆ ಕೆಂಡದಿಂದ ಕಾದ ನೀರು ಮೈಮೇಲೆ ಹೊಯ್ದುಕೊಂಡು ಡ್ಯೂಟಿಗೆ ಹೋಗಿದ್ದೇನೆ. ಸಗಣಿಯಲ್ಲಿ ಬೆಂಕಿ ಹೊಗೆಯಿಲ್ಲದೆ ನಿದ್ದೆ ಮಾಡುತ್ತದೆ ಎಂಬುದು ನನಗೆ ಹಿತ್ತಲಲ್ಲಿ ಗೊತ್ತಿತ್ತು, ಗುಡ್ಡದ ಮೇಲೆ ಗೊತ್ತಿರಲಿಲ್ಲ. ತರಬೇತಿಯಲ್ಲಿ ಬೊಡ್ಡೆಗೆ ನೀರು ಹಾಕಿ ಎಂದು ಹೇಳಿಕೊಟ್ಟಿದ್ದರು. ಸಗಣಿಯ ಮಾತು ಯಾರೂ ಹೇಳಿರಲಿಲ್ಲ.

“ಮೊದಲ ಗುಡ್ಡದಾಗ ಒಂದ ಹೆಂಟಿ ಸಗಣಿ ಉಳೀತಿರಲಿಲ್ಲ” ಎಂದಳು ಕಸ್ತೂರಿ. “ನಾನು ತವರೂರ ಅನಂತಪುರದಾಗ ಹುಡುಗಿ ಇದ್ದಾಗ ಒಂದ ಅಡವಿ ಕುಳ್ಳಿಗೆ ಜಗಳಾಡಿ ಜಡಿ ಹಿಡದ ಎಳದಾಡೀವಿ. ಈಗ ಗ್ಯಾಸ್ ಬಂತು, ಯಾರ ಆರಸ್ತಾರ?”

ನಾನು ತಲೆ ಎತ್ತಿ ಇಳಿಜಾರು ನೋಡಿದೆ. ಅಲ್ಲಿಯವರೆಗೆ ನೋಡಲು ಮನಸ್ಸು ಬಂದಿರಲಿಲ್ಲ. ಗಾಳಿಯ ಬೆಂಕಿ ಬೀಸಣಿಗೆಯ ಆಕಾರದಲ್ಲಿ ಹರಡುತ್ತದೆ, ಹುಟ್ಟಿದ ಜಾಗ ಬೀಸಣಿಗೆಯ ಹಿಡಿಕೆ. ಇದು ನಮ್ಮ ಕೆಲಸದ ಮೊದಲ ಪಾಠ. ಅಜ್ಜನ ಬಂಡೆ ಎಡಕ್ಕೆ ಇನ್ನೂರು ಅಡಿ ದೂರದಲ್ಲಿತ್ತು. ಅದರ ಸುತ್ತಲಿನ ಹುಲ್ಲು ಹಳದಿಯಾಗಿ ಹಾಗೇ ನಿಂತಿತ್ತು. ಕರಿ ಬೀಸಣಿಗೆಯ ಹಿಡಿಕೆ ಕಸ್ತೂರಿಯ ಕಾಲ ಬಳಿ ಇತ್ತು. ಭಾನುವಾರ ಮಧ್ಯಾಹ್ನದ ಸುಳಿಗಾಳಿ ಆ ಬೂದಿಯನ್ನು ಎತ್ತಿ, ಒಳಗಿನ ಕೆಂಡವನ್ನು ಗಿಡಗಳ ಕಡೆಗೆ ಒಯ್ದಿತ್ತು.

“ನೀವು ರೇಖಾ ಹಚ್ಚಿದ್ದ ಯಾವತ್ತ?” ಅವಳು ಕೇಳಿದಳು. ಅವಳಿಗೂ ಗೊತ್ತಿತ್ತು.

“ಶುಕ್ರವಾರ.”

ಅವಳು ಕಡ್ಡಿಯಿಂದ ಬೂದಿಯನ್ನು ಎಳೆದು ಕೆಂಡದ ಮೇಲೆ ಹೊದಿಸಿದಳು, ಮನೆಯಲ್ಲಿ ಹೊದಿಸುವ ಹಾಗೆಯೇ. ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು.

ಸುತ್ತ ಯಾರೂ ಇರಲಿಲ್ಲ. ಸುಟ್ಟ ಗಿಡಗಳಲ್ಲಿ ಗಾಳಿ ಸದ್ದಿಲ್ಲದೆ ಹಾಯುತ್ತಿತ್ತು. ಎಲ್ಲೋ ಒಂದು ನವಿಲು ಕೂಗಿ ಸುಮ್ಮನಾಯಿತು. ತಂಬಿಗೆಯಲ್ಲಿ ಆ ಕೆಂಡಕ್ಕೆ ಸಾಕಾಗುವಷ್ಟು ನೀರಿತ್ತು. ಸುರಿದು, ಕಾಲಿನಿಂದ ಕಲಸಿಬಿಟ್ಟರೆ ಅದು ಬರೀ ಕೆಸರು. ನಿವೃತ್ತಿಗೆ ಮೂರು ವರ್ಷ. ಪ್ರಮೋಷನ್ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಡೈರಿಯಲ್ಲಿ ‘ಪೂರ್ಣ ನಂದಿದೆ’ ಎಂದು ನನ್ನದೇ ಕೈಬರಹ. ಕಸ್ತೂರಿ ನನ್ನ ಕಡೆ ನೋಡಲಿಲ್ಲ. ಕೆಳಗೆ ಬಂಡೆಯ ಬುಡದಲ್ಲಿ ಕೂತ ಬೀರಪ್ಪಜ್ಜನನ್ನು ನೋಡುತ್ತಿದ್ದಳು.

ನಾನು ತಂಬಿಗೆ ಎತ್ತಿ ಅಷ್ಟೂ ನೀರು ಕುಡಿದೆ. ಗಟಗಟ, ಕೊನೆಯ ಹನಿಯವರೆಗೆ. ಬರಿದಾದ ತಂಬಿಗೆಯನ್ನು ಅವಳ ಕೈಗೆ ಕೊಟ್ಟು ಕೆಳಗೆ ಕೂಗಿದೆ: “ಸರ್, ಒಂದ ಸಲ ಮ್ಯಾಲ ಬರ್ರಿ!”

ಸಾಹೇಬರು ಬಂದರು. ಹೆಂಟೆ ಮುರಿದು ತೋರಿಸಿದೆ, ಬೀಸಣಿಗೆಯ ಹಿಡಿಕೆಯನ್ನೂ ತೋರಿಸಿದೆ. ಅವರು ತಗ್ಗಿದ ದನಿಯಲ್ಲಿ ಹೇಳಿದರು: “ಗಾರ್ಡ್, ಸ್ವಲ್ಪ ಯೋಚನೆ ಮಾಡಿ. ಇದನ್ನ ಬರೆದರೆ ಬೀಡಿ ಜಾಗದಲ್ಲಿ ನಿಮ್ಮ ಹೆಸರು ಬರುತ್ತೆ.”

“ಬರ್ಕೊಳ್ರಿ ಸರ್. ಅದಽ ಖರೇ ಐತಿ.”

ಅವರು ಬರೆದರು. ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಅಜ್ಜನ ಹೆಬ್ಬೆಟ್ಟು ತೆಗೆದುಕೊಳ್ಳಲಿಲ್ಲ. ಅಜ್ಜ ಎದ್ದು ಧೋತರ ಕೊಡವಿಕೊಂಡು, “ಹಂಗಾರ ನಾ ಹೋಗ್ಲೇನ? ಕುರಿ ಬಾಯಿ ಬಿಡಾಕತ್ತಾವು” ಎಂದಷ್ಟೇ ಹೇಳಿ ಹೋದರು. ನಾಲ್ಕು ಹೆಜ್ಜೆ ಹೋಗಿ, ಪಂಚರ ಜೊತೆ ನಿಂತಿದ್ದ ಮಂಗಲ ವೈನಿಯ ಕಡೆ ತಿರುಗಿದರು. “ಮಂಗಲಾ, ನನ್ನ ಬೀಡಿ ಬಿಡುಗಡಿ ಆತಬೇ!”

ಮಂಗಲ ವೈನಿಯ ಸಿಟ್ಟು ಈಗ ನನ್ನ ಮೇಲೆ ತಿರುಗಿತು. ನ್ಯಾಯವೇ ಆಗಿತ್ತು. “ಕಾಯಾಕ ಇಟ್ಟಾವ್ರ ಹಚ್ಚೀರಿ ಅಂದ್ರ ನಾವ್ ಯಾರಿಗೆ ಹೇಳೂಣ್ರಿ ಸಾಹೇಬ್ರ?” ಎಂದರು.

ಸುಟ್ಟ ಕಬ್ಬನ್ನು ನಾಲ್ಕೈದು ದಿನದಲ್ಲಿ ಕಡಿದು ಫ್ಯಾಕ್ಟರಿಗೆ ಮುಟ್ಟಿಸಬೇಕು. ತಡವಾದರೆ ಒಣಗಿ ಬರೀ ತೂಕವಿಲ್ಲದ ಕೋಲು. ಕಡಿಯುವ ಗ್ಯಾಂಗು ಸಿಗಲಿಲ್ಲ. ಮಂಗಳವಾರ ಬೆಳಿಗ್ಗೆ ಕಸ್ತೂರಿ ಕುಡಗೋಲು ಹಿಡಿದು ಯಾರನ್ನೂ ಕೇಳದೆ ವೈನಿಯ ಹೊಲಕ್ಕೆ ಇಳಿದಳು. ನಾನೂ ಹಿಂದೆ ಹೋದೆ. ಮಾರುತಿ ಬಂದ. ಮಧ್ಯಾಹ್ನದ ಹೊತ್ತಿಗೆ ಊರಿನ ಹದಿನೈದು ಜನ ಇದ್ದರು. ವೈನಿ ನಮ್ಮಿಬ್ಬರ ಜೊತೆ ಒಂದು ಮಾತೂ ಆಡಲಿಲ್ಲ. ಆದರೆ ಮೂರನೆಯ ದಿನ ಮಜ್ಜಿಗೆ ಹಂಚುವಾಗ ಕಸ್ತೂರಿಯ ಮಸಿ ಹತ್ತಿದ ಮುಖ ನೋಡಿ, ನಗು ತಡೆಯಲಾರದೆ ಸೆರಗು ಬಾಯಿಗೆ ಇಟ್ಟುಕೊಂಡರು.

“ನಗ್ರಿ ವೈನಿ, ನಗ್ರಿ” ಎಂದಳು ಕಸ್ತೂರಿ. “ನೀವೂ ಕನ್ನಡ್ಯಾಗ ಒಮ್ಮೆ ಹಣಿಕಿ ಹಾಕ್ರಿ. ಕಬ್ಬಿನ ಕೋಲ ಯಾವ್ದು, ನೀವ್ ಯಾರು, ಗುರ್ತ ಸಿಗವಲ್ದು.”

ನನಗೆ ನೋಟಿಸು ಬಂತು. ವಿಚಾರಣೆ ನಡೆಯಿತು. ಡೈರಿಯ ಆ ಸಾಲಿನ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು. ಪ್ರಮೋಷನ್ ತಪ್ಪಿತು, ಗಾರ್ಡ್ ಆಗಿಯೇ ನಿವೃತ್ತನಾದೆ. ಇದನ್ನು ತ್ಯಾಗವೆಂದು ಯಾರಾದರೂ ತಿಳಿದರೆ ತಪ್ಪು. ತಪ್ಪು ನನ್ನದಿತ್ತು, ಅದು ನನ್ನ ಹೆಸರಿನ ಮುಂದೆ ಬಂದು ನಿಂತಿತು, ಅಷ್ಟೇ. ಒಬ್ಬನೇ ಇದ್ದಿದ್ದರೆ ತಂಬಿಗೆಯ ನೀರನ್ನು ಏನು ಮಾಡುತ್ತಿದ್ದೆನೋ, ನನಗೆ ಗೊತ್ತಿಲ್ಲ.

ಬೀರಪ್ಪಜ್ಜನ ಕಂಬಳಿಯ ಬದಲಿಗೆ ಕಸ್ತೂರಿ ಒಂದು ಕೌದಿ ಹೊಲಿದುಕೊಟ್ಟಳು. ತನ್ನ ಹಳೆಯ ಸೀರೆಗಳ ನಡುವೆ ನನ್ನ ಹರಿದ ಖಾಕಿಯ ತುಂಡುಗಳನ್ನೂ ಸೇರಿಸಿದ್ದಳು. ಅಜ್ಜ ಅದನ್ನು ಹೊದ್ದು ಊರಲ್ಲಿ ತಿರುಗಿ, “ನಾನೂ ಫಾರೆಸ್ಟಿಗೆ ಸೇರೇನಿ ನೋಡ್ರಿ” ಎಂದು ಎಲ್ಲರಿಗೂ ಹೇಳುತ್ತಿದ್ದರು.

ಮರುವರ್ಷದಿಂದ ನಮ್ಮ ಬೀಟಿನಲ್ಲಿ ಒಂದು ಹೊಸ ಪದ್ಧತಿ ಬಂತು. ರೇಖೆ ಸುಡುವ ವಾರ ಮೊದಲು ಕಸ್ತೂರಿ ಊರಿನ ಹೆಂಗಸರನ್ನು ಕರೆದುಕೊಂಡು ಬುಟ್ಟಿ ಹಿಡಿದು ಗುಡ್ಡ ಹತ್ತುತ್ತಿದ್ದಳು. ರೇಖೆಯ ಉದ್ದಕ್ಕೂ ಬಿದ್ದಲ್ಲೇ ಒಣಗಿದ ಸಗಣಿಯನ್ನೆಲ್ಲ, ಅಂದರೆ ಅಡವಿ ಕುಳ್ಳನ್ನು, ಆರಿಸುತ್ತಿದ್ದರು. ಎರಡನೆಯ ವರ್ಷದಿಂದ ಮಂಗಲ ವೈನಿಯೂ ಬಂದರು. ಇದನ್ನು ಬರೆಯಲು ನಮ್ಮ ಡೈರಿಯಲ್ಲಿ ಕಾಲಂ ಇರಲಿಲ್ಲ. ‘ಇತರೆ’ ಎಂಬಲ್ಲಿ ಬರೆದೆ. ಆರಿಸಿದ್ದನ್ನು ಮನೆಗೆ ಒಯ್ಯುವವರಿರಲಿಲ್ಲ, ಎಲ್ಲರ ಮನೆಯಲ್ಲೂ ಗ್ಯಾಸ್. ಹಾಗಾಗಿ ಬೀರಪ್ಪಜ್ಜನ ಹಟ್ಟಿಯ ತಗಡಿನ ಕೆಳಗೆ ಒಟ್ಟುತ್ತಿದ್ದರು. ರೇಖೆ ಸುಟ್ಟ ಮರುದಿನ ನಾನು ಮತ್ತು ಮಾರುತಿ ಉದ್ದಕ್ಕೂ ನಡೆದು, ಅನುಮಾನ ಬಂದ ಕಡೆಯೆಲ್ಲ ಕೈ ಮಗುಚಿ ಇಟ್ಟು ನೋಡುತ್ತಿದ್ದೆವು. ಮೂರು ಬೇಸಿಗೆ ನಮ್ಮ ರೇಖೆಯಿಂದ ಬೆಂಕಿ ಹೊರಗೆ ಹೋಗಲಿಲ್ಲ. ಬೇರೆ ಕಡೆಯಿಂದ ಎರಡು ಸಲ ಬಂತು, ರೇಖೆಗೆ ಬಂದು ನಿಂತಿತು. ಸುಟ್ಟ ಬೇವುಗಳಲ್ಲಿ ಅರ್ಧಕ್ಕರ್ಧ ಬುಡದಿಂದ ಮತ್ತೆ ಚಿಗುರಿದವು.

ನಿವೃತ್ತನಾದ ಮೇಲೆ ಇಲಾಖೆಯ ಮನೆ ಬಿಟ್ಟು ಅದೇ ಊರಲ್ಲಿ ಬಾಡಿಗೆಗೆ ಇದ್ದೆವು. ಮೂರನೆಯ ತಿಂಗಳು ಕಸ್ತೂರಿ ಹೋದಳು. ಬೆಳಿಗ್ಗೆ ಹಿತ್ತಲಿನ ಒಲೆಯ ಮುಂದೆ ಕೂತವಳು ಹಾಗೇ ಗೋಡೆಗೆ ಒರಗಿದ್ದಳು. ಕೆಂಡ ಊದುವ ಕೊಳವೆ ಮಡಿಲಲ್ಲಿತ್ತು. ಶ್ರಾವಣದ ಜಿಟಿಜಿಟಿ ಮಳೆ ಎಂಟು ದಿನದಿಂದ ಹಿಡಿದಿತ್ತು. ನಮ್ಮ ಕಡೆ ಸುಡುವ ಪದ್ಧತಿ ಇರುವ ಮನೆಗಳಲ್ಲಿ ಚಿತೆಗೆ ಕಟ್ಟಿಗೆಗಿಂತ ಕುಳ್ಳು ಹೆಚ್ಚು ಬಳಸುತ್ತಾರೆ. ಕಟ್ಟಿಗೆ ಹಸಿಯಾಗಿತ್ತು. ನಮ್ಮ ಹಿತ್ತಲಲ್ಲಿದ್ದ ಕುಳ್ಳು ಒಲೆಗೆ ಆಗುವಷ್ಟೇ, ಕೇಳಿದರೆ ಊರಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ನಾನು ಏನೂ ತೋಚದೆ ಕಟ್ಟೆಯ ಮೇಲೆ ಕೂತಿದ್ದೆ.

ಆಗ ಗುಡ್ಡದ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಟ್ರಾಲಿಗೆ ತಾಡಪತ್ರಿ ಹೊದಿಸಿತ್ತು. ಮೇಲೆ ಬೀರಪ್ಪಜ್ಜ ಮತ್ತು ಮಂಗಲ ವೈನಿ ಮಳೆಯಲ್ಲಿ ನೆನೆಯುತ್ತ ಕೂತಿದ್ದರು. ತಾಡಪತ್ರಿ ತೆಗೆದರೆ ಒಣಗಿದ ಅಡವಿ ಕುಳ್ಳು, ಟ್ರಾಲಿ ತುಂಬ.

“ಯಾರ್ದೂ ಅಲ್ಲರೀ” ಎಂದರು ಅಜ್ಜ. “ಅಕೀನಽ ಆರಿಸಿಟ್ಟಿದ್ದು.”

ಮೂರನೆಯ ದಿನ ರಕ್ಷಾವಿಸರ್ಜನೆ, ಅಂದರೆ ಬೂದಿ ತುಂಬುವ ಶಾಸ್ತ್ರ. ಮಳೆ ಬಿಟ್ಟಿತ್ತು. ಸ್ಮಶಾನದ ತಗಡಿನ ಚಪ್ಪರದ ಕೆಳಗೆ ಬೂದಿ ಬೆಳ್ಳಗೆ, ನುಣ್ಣಗೆ, ಹಿಟ್ಟಿನಂತೆ ಇತ್ತು. ಬಂದವರು ಹಾಲು ನೀರು ಹಿಡಿದು ನಿಂತಿದ್ದರು. “ಎಲ್ಲಾ ತಣ್ಣಗಾಗೇತಿ, ಶುರು ಮಾಡೂಣ್ರಿ” ಎಂದು ಯಾರೋ ಅವಸರ ಮಾಡಿದರು. ನಾನು ಕುಕ್ಕರಗಾಲಿನಲ್ಲಿ ಕೂತು, ಬಲಗೈ ಮಗುಚಿ ಬೂದಿಯ ಮೇಲೆ ಇಟ್ಟೆ. ಮೊದಲ ಕಡೆ ಏನೂ ಇರಲಿಲ್ಲ. ಎರಡನೆಯ ಕಡೆ ಇಟ್ಟೆ. ಹಿಂದಿನಿಂದ ಮಂಗಲ ವೈನಿಯ ದನಿ ಕೇಳಿತು: “ಯಾರೂ ಗಡಿಬಿಡಿ ಮಾಡಬ್ಯಾಡ್ರಿ. ಅವ್ರ ಕೈ ಇಟ್ಟ ನೋಡ್ಲಿ.”

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಣ್ಣಿಗೆ ಕಂಡದ್ದನ್ನು ನಂಬಿ ಬೆಂಕಿ ಆರಿತು ಎಂದು ಬರೆಯಬಾರದು. ಬಗ್ಗಿ, ಕೂತು, ಮುಟ್ಟಿ ನೋಡಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ.

ಡೈರಿ ಬರೆಯುವ ಅಭ್ಯಾಸ ನಿವೃತ್ತಿಯಾದ ಮೇಲೂ ಹೋಗಿಲ್ಲ. ಆ ದಿನದ ಪುಟದಲ್ಲಿ ಹೀಗಿದೆ: ‘ಬೆಳಿಗ್ಗೆ ಎಂಟು ಗಂಟೆ. ಹೊಗೆ ಇಲ್ಲ. ನಡುವೆ ಇನ್ನೂ ಬಿಸಿ ಇದೆ. ಎಲ್ಲರೂ ಕಾದೆವು.’